‘ಇಲ್ಲ’ ಹೇಳಲು ಒಬ್ಬರೇ ಹೋಗುವ ಖದೀರ್ ಸಾಹೇಬರು

ಬೆಳಗಿನ ಆಜಾನ್ ಮುಗಿದಿದೆ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹುಣಸೂರಿನ ಮರದ ಮಿಲ್ಲುಗಳ ಹಿಂದಿನ ಗಲ್ಲಿಯಲ್ಲಿ ಖದೀರ್ ಸಾಹೇಬರು ತಮ್ಮ ಬಡಗಿ ಶೆಡ್ಡಿನ ಮುಂದೆ ಮೊರ ಇಟ್ಟುಕೊಂಡು ಕೂತಿದ್ದಾರೆ. ಮೊರದ ಒಂದು ಮಗ್ಗುಲಿಗೆ ಹುಣಸೆಬೀಜ, ಇನ್ನೊಂದು ಮಗ್ಗುಲಿಗೆ ಒಣಗಿದ ಅವರೆಕಾಳು. ಒಂದೊಂದನ್ನೂ ಬೆರಳಲ್ಲಿ ಹೊರಳಿಸಿ ನೋಡಿ, ಹುಳ ಹೊಡೆದದ್ದನ್ನೂ ಮುರುಟಿದ್ದನ್ನೂ ಪಕ್ಕಕ್ಕೆ ಎಸೆಯುತ್ತಾರೆ. ಯಾರದೋ ಮನೆಯ ತೇಗದ ಬಾಗಿಲು ಅರ್ಧ ಉಜ್ಜಿಸಿಕೊಂಡು ಗೋಡೆಗೆ ಒರಗಿದೆ. ಅದರ ಕಡೆ ಅವರ ಗಮನವೇ ಇಲ್ಲ.

‘ಅಡುಗೆಗಾ?’ ಎಂದು ಕೇಳುತ್ತೇನೆ.

‘ಓಟಿಗೆ’ ಎನ್ನುತ್ತಾರೆ, ತಲೆ ಎತ್ತದೆ.

ಅನುಮಾನ ಪಡಲು ನನಗೆ ಅಷ್ಟು ಸಾಕು. ಬಾಗಿಲು ಹಾಕಿಕೊಂಡು ಮಾಡುವ ಯಾವ ಕೆಲಸವೂ ಒಳ್ಳೆಯದಲ್ಲ ಎಂದು ನಂಬಿ ಬೆಳೆದವನು ನಾನು. ‘ಎಲೆಮರೆಯ ಕಾಯಿ ಒಬ್ಬರಿದ್ದಾರೆ, ಬರೆದುಕೊಡಿ’ ಎಂದು ಸಂಪಾದಕರು ಹೇಳಿದಾಗಲೇ ಅನುಮಾನ ಬಂದಿತ್ತು. ಎಲೆ ಸರಿಸಿದರೆ ಅಲ್ಲಿ ಕಾಯಿಯೇ ಇರುತ್ತದೆ ಎನ್ನುವುದಕ್ಕೆ ಏನು ಖಾತರಿ? ಹಾವೂ ಇರಬಹುದು.

ಖದೀರ್ ಸಾಹೇಬರು ‘ನಾಲ್ಕೂರ ಸೋದರ ಕೂಟ’ದ ಕಾರ್ಯದರ್ಶಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಒಂದಷ್ಟು ರೈತರು, ವ್ಯಾಪಾರಿಗಳು, ಮೇಷ್ಟ್ರುಗಳು, ಕಸುಬಿನವರು ಸೇರಿ ನಡೆಸುವ ಕೂಟ ಅದು. ಬ್ರಿಟಿಷರ ಕಾಲದ ‘ಲಾಡ್ಜು’ಗಳ, ಎಂದರೆ ಗುಟ್ಟಿನ ಸೋದರ ಸಂಘಗಳ, ರೀತಿರಿವಾಜು ಕಂಡಿದ್ದ ಮರದ ವ್ಯಾಪಾರಿಗಳು ಕಟ್ಟಿದ್ದಂತೆ. ಸೋದರರಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಉಳಿದವರು ಸರದಿಯ ಮೇಲೆ ಹೋಗಿ ಪಕ್ಕದಲ್ಲಿ ಕೂರಬೇಕು. ಸತ್ತರೆ ಹೆಗಲು ಕೊಡಬೇಕು. ಇಬ್ಬರು ಜಗಳವಾಡಿದರೆ ಕೋರ್ಟಿಗಿಂತ ಮೊದಲು ಕೂಟಕ್ಕೆ ಬರಬೇಕು. ಜಾತಿ ಕೇಳಬಾರದು, ರಾಜಕೀಯ ಮಾತಾಡಬಾರದು, ಒಳಗಿನ ಮಾತು ಹೊರಗೆ ಆಡಬಾರದು. ಈ ಕೊನೆಯದೇ ಊರಿನವರ ಹೊಟ್ಟೆನೋವು. ನಿಧಿ ಹುಡುಕುತ್ತಾರೆ ಎನ್ನುವವರಿದ್ದಾರೆ, ಚುನಾವಣೆಯಲ್ಲಿ ಯಾರು ಗೆಲ್ಲಬೇಕೆಂದು ಅಲ್ಲೇ ತೀರ್ಮಾನವಾಗುತ್ತದೆ ಎನ್ನುವವರಿದ್ದಾರೆ. ‘ಲಾಡ್ಜು ಅಂತಾರೆ, ಒಂದು ರೂಮ್ ಬಾಡಿಗೆಗೆ ಕೊಡಾಕಿಲ್ಲ. ಮತ್ತೇನ್ ಮಾಡ್ತಾರೆ ಒಳಗೆ?’ ಎಂದು ಬಸ್ ಸ್ಟ್ಯಾಂಡಿನ ಟೀ ಅಂಗಡಿಯವನು ನನ್ನನ್ನೇ ಕೇಳುತ್ತಾನೆ.

ಹೊರಗಿನವರು ಹಾಗಿರಲಿ, ಮನೆಯವರಿಗೂ ತಿಳಿಯದು. ‘ಮದ್ವೆ ಆದಾಗಿಂದ ಕೇಳ್ತಿದೀನಿ, ಏನ್ ಮಾಡ್ತೀರಿ ಅಲ್ಲಿ ಅಂತ. ಬಾಯಿ ಬಿಡಲ್ಲ ಕಣ್ರೀ’ ಎನ್ನುತ್ತಾರೆ ಹೆಂಡತಿ ರಹೀಮುನ್ನೀಸಾ, ಚಹಾ ಸೋಸುತ್ತ. ‘ನಿಮಗೇನಾದ್ರೂ ಹೇಳಿದ್ರೆ ನಂಗೂ ಒಂದ್ ಮಾತು ಹೇಳಿ.’ ಖದೀರ್ ಸಾಹೇಬರು ಕೇಳಿಸದವರ ಹಾಗೆ ಇನ್ನೊಂದು ಹುಳುಕು ಬೀಜ ಎಸೆಯುತ್ತಾರೆ.

ಅವರ ಹಳೇ ಸ್ಕೂಟರಿನ ಹಿಂದೆ ಕೂತು ಒಂದು ವಾರ ತಿರುಗಿದ್ದೇನೆ. ಬೆಟ್ಟದಪುರದಲ್ಲಿ ನಂಜಣ್ಣ ಎಂಬ ಸೋದರ ಕಾಲು ಮುರಿದುಕೊಂಡು ಮಲಗಿದ್ದಾರೆ. ಅವರ ಬಳಿ ಕೂರಬೇಕಾದವನು ಕೈಕೊಟ್ಟಿದ್ದಾನೆಂದು ಖದೀರ್ ಸಾಹೇಬರೇ ಹೋಗಿ ಹಗಲೆಲ್ಲ ಕೂರುತ್ತಾರೆ. ಮಾರನೆಯ ದಿನ ಕೋಟೆ ಕಡೆ ಒಂದು ಸಾವು. ಅದರ ಮಾರನೆಯ ದಿನ ಸಾಲಿಗ್ರಾಮದಲ್ಲಿ ಓಣಿಯ ವಿಚಾರಕ್ಕೆ ಮಾತು ಬಿಟ್ಟ ಇಬ್ಬರು ಸೋದರರನ್ನು ಎದುರುಬದುರು ಕೂರಿಸುವ ಕೆಲಸ. ಮಾತು ಶುರುವಾಗುವ ಹೊತ್ತಿಗೆ ನನ್ನ ಕಡೆ ತಿರುಗಿ, ‘ಇಲ್ಲಿ ದೇವಸ್ಥಾನ ಬಹಳ ಚೆನ್ನಾಗಿದೆ, ನೋಡ್ಕೊಂಡು ಬನ್ನಿ’ ಎನ್ನುತ್ತಾರೆ. ನಾನು ಪ್ರದಕ್ಷಿಣೆ ಹಾಕಿ ಬರುವಷ್ಟರಲ್ಲಿ ಇಬ್ಬರೂ ಒಂದೇ ಬಾಳೆಗೊನೆಯಿಂದ ಹಣ್ಣು ಕಿತ್ತು ತಿನ್ನುತ್ತಿದ್ದಾರೆ. ಏನು ಹೇಳಿದಿರಿ ಎಂದರೆ ಖದೀರ್ ಸಾಹೇಬರು ನನಗೂ ಒಂದು ಹಣ್ಣು ಕಿತ್ತು ಕೊಡುತ್ತಾರೆ.

ಇಷ್ಟು ಓಡಾಡುವವರಿಗೆ ಸಂಬಳವಿಲ್ಲ, ಪೆಟ್ರೋಲೂ ಸ್ವಂತದ್ದು. ಹಾಗಾದರೆ ಲಾಭವೇನು? ಯಾವ ಲಾಭವೂ ಇಲ್ಲದೆ ಬಿಸಿಲಲ್ಲಿ ಅಲೆಯುವವರನ್ನು ಕಂಡರೆ ನನಗೆ ಭಯ. ಮುಂದಿನ ಪುರಸಭೆ ಚುನಾವಣೆ ಯಾವಾಗ ಎಂದು ಮೆಲ್ಲಗೆ ಕೇಳಿದೆ. ‘ನಂಗ್ಯಾಕ್ರೀ ಅದು? ಬಾಗಿಲು ಮಾಡೋರು ಬಾಗಿಲು ಮಾಡ್ಬೇಕು’ ಎಂದರು. ಇಂಥ ಮಾತು ಹೇಳಿಯೇ ಎಷ್ಟೋ ಜನ ಗೆದ್ದಿದ್ದಾರೆ.

ಈ ವಾರದ ದೊಡ್ಡ ಕೆಲಸ ಓಟು. ಕೂಟಕ್ಕೆ ಸೇರಲು ಗಾವಡಗೆರೆಯ ರೈತ ದೇವರಾಜು ಅರ್ಜಿ ಹಾಕಿದ್ದಾರೆ. ಈ ದೇವರಾಜು ಖದೀರ್ ಸಾಹೇಬರ ಹರೆಯದ ಗೆಳೆಯ. ಇಬ್ಬರೂ ಸೇರಿ ಒಂದು ಹಳೇ ರಾಜದೂತ್ ಬೈಕು ಕೊಂಡು, ಒಂದು ವಾರ ಇವರು, ಒಂದು ವಾರ ಅವರು ಓಡಿಸಿದವರು. ಖದೀರ್ ಮಗಳು ಮಾಹಿರಾಳ ಮದುವೆಗೆ ದೇವರಾಜು ಸಂಸಾರ ಸಮೇತ ಬಂದು ನಿಂತು ನಡೆಸಿಕೊಟ್ಟಿದ್ದಾರೆ. ‘ಅವ್ನು ಸೇರ್ಬೇಕು ಅನ್ನೋದು ನನ್ ಬಹಳ ದಿನದ ಆಸೆ. ನಾನೇ ಅರ್ಜಿ ಹಾಕ್ಸಿದ್ದು’ ಎನ್ನುತ್ತಾರೆ ಖದೀರ್. ವಾರದಲ್ಲಿ ಅವರು ತಮ್ಮ ಬಗ್ಗೆ ತಾವಾಗಿಯೇ ಆಡಿದ ಮಾತು ಇದೊಂದೇ.

ಓಟಿನ ಕ್ರಮ ಮಾತ್ರ ಊರಿಗೂ ಗೊತ್ತು. ಅದು ಹೀಗೆ. ಒಂದು ಮರದ ಪೆಟ್ಟಿಗೆ, ಮುಂದೆ ಕೈ ತೂರುವಷ್ಟು ತೂತು. ಒಳಗೆ ಬೀಜವೂ ಕಾಳೂ ಬೆರೆತಿರುತ್ತವೆ. ಪ್ರತಿಯೊಬ್ಬರೂ ಕೈ ಹಾಕಿ ಒಂದನ್ನು ಹಿಂದಿನ ಗೂಡಿಗೆ ತಳ್ಳಬೇಕು. ಅವರೆಕಾಳು ಎಂದರೆ ಹೂಂ, ಹುಣಸೆಬೀಜ ಎಂದರೆ ಊಹೂಂ. ಎಲ್ಲರೂ ಹೂಂ ಅಂದರೆ ಮಾತ್ರ ಸೇರ್ಪಡೆ. ಒಂದೇ ಒಂದು ಹುಣಸೆಬೀಜ ಬಿದ್ದರೂ ಇಲ್ಲ. ಯಾರು ಹಾಕಿದ್ದೆಂದು ಯಾರೂ ಕೇಳುವಂತಿಲ್ಲ. ಕತ್ತಲಲ್ಲಿ ಬೆರಳು ತಪ್ಪಿತು ಎಂಬ ನೆಪ ಯಾರಿಗೂ ಸಿಗಬಾರದೆಂದೇ ಅವರು ಆ ಬೆಳಿಗ್ಗೆ ಅಷ್ಟು ಹೊತ್ತು ಆರಿಸುತ್ತಿದ್ದದ್ದು.

ಆಯ್ಕೆಯಾದರೆ ಮೂವರು ಸೋದರರು ಹಾರ ಹಿಡಿದು ಮನೆಗೆ ಹೋಗಿ ಕರೆಯುತ್ತಾರೆ. ಆಗದಿದ್ದರೆ ಕಾರ್ಯದರ್ಶಿ ಒಬ್ಬರೇ ಹೋಗಬೇಕು. ಫೋನಿನಲ್ಲಿ ಹೇಳುವಂತಿಲ್ಲ. ಊರಿನ ಬಾಯಿಗಿಂತ ಮೊದಲು, ಮಾರನೆಯ ಬೆಳಿಗ್ಗೆಯೇ, ಮುಖ ನೋಡಿ ಹೇಳಬೇಕು. ಅವರು ಏನೆಂದರೂ ಕೇಳಿಸಿಕೊಳ್ಳಬೇಕು. ‘ಹೋಗು’ ಎನ್ನುವ ತನಕ ಏಳಬಾರದು.

‘ಎಷ್ಟು ಮನೆಗೆ ಹಾಗೆ ಹೋಗಿದ್ದೀರಿ?’

‘ಎಣಿಸಿಲ್ಲ. ಕೆಲವು ಬೀದೀಲಿ ಸ್ಕೂಟರ್ ಜೋರಾಗಿ ಓಡಿಸ್ತೀನಿ, ಅಷ್ಟೇ.’

ಭಾನುವಾರ ಮಧ್ಯಾಹ್ನ. ಕೂಟದ ಹೆಂಚಿನ ಕಟ್ಟಡದ ಜಗಲಿಯ ಮೇಲೆ ನನ್ನನ್ನು ಕೂರಿಸಿ ಬಾಗಿಲು ಹಾಕಿಕೊಂಡಿದ್ದಾರೆ. ಆದರೆ ಮಾರ್ಚ್ ತಿಂಗಳ ಸೆಖೆ, ಕಿಟಕಿಯ ಒಂದು ರೆಕ್ಕೆ ತೆರೆದಿದೆ. ಒಳಗೆ ಬರಬೇಡ ಎಂದಿದ್ದರೇ ಹೊರತು ನೋಡಬೇಡ ಎಂದು ಯಾರೂ ಅಂದಿರಲಿಲ್ಲ. ಅಧ್ಯಕ್ಷ ಶಿವನಂಜಪ್ಪ, ಕೆ.ಆರ್. ನಗರದ ನಿವೃತ್ತ ಹೆಡ್‌ಮಾಸ್ಟರು, ಪೆಟ್ಟಿಗೆಯ ಹಿಂದಿನ ಗೂಡನ್ನು ಎಳೆದು, ಬೋರಲು ಹಾಕಿ ಕುಟ್ಟಿ, ಖಾಲಿ ಎಂದು ಎಲ್ಲರಿಗೂ ತೋರಿಸುತ್ತಾರೆ. ಖದೀರ್ ಸಾಹೇಬರು ಪೆಟ್ಟಿಗೆಯನ್ನು ಎರಡು ಕೈಯಲ್ಲೂ ಎದೆಯ ಮಟ್ಟಕ್ಕೆ ಹಿಡಿದು ಒಬ್ಬೊಬ್ಬರ ಮುಂದೆ ನಿಲ್ಲುತ್ತಾ ಹೋಗುತ್ತಾರೆ. ಗಾವಡಗೆರೆಯವರೇ ಆದ ದೊಡ್ಡಬೀರಯ್ಯನವರ ಕೈ ಒಳಗೆ ಕೊಂಚ ಹೆಚ್ಚೇ ಹೊತ್ತು ಇರುತ್ತದೆ. ಗೊಬ್ಬರದಂಗಡಿ ರೇಣುಕಾಪ್ರಸಾದ್ ಸೂರು ನೋಡುತ್ತ ಹಾಕುತ್ತಾರೆ. ಇನ್ನೊಬ್ಬರು ಹಾಕಿದ ಮೇಲೆ ಪಂಚೆಗೆ ಕೈ ಒರೆಸಿಕೊಳ್ಳುತ್ತಾರೆ. ನೋಡುತ್ತ ನೋಡುತ್ತ ನನಗೆ ಎಲ್ಲರೂ ಕಳ್ಳರಾಗಿ ಕಾಣುತ್ತಾರೆ. ಕೊನೆಗೆ ಅಧ್ಯಕ್ಷರ ಕೈ. ಪೆಟ್ಟಿಗೆ ಮೇಜಿನ ಮೇಲೆ ಕೂರುತ್ತದೆ.

ಗೂಡು ಎಳೆದರೆ ಬಿಳಿ ಕಾಳಿನ ಗುಡ್ಡೆ. ಅದರಲ್ಲಿ ಒಂದೇ ಒಂದು ಹುಣಸೆಬೀಜ.

ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಖದೀರ್ ಸಾಹೇಬರು ಜಗಲಿಗೆ ಬಂದು, ಹೂವಿನವನಿಗೆ ಫೋನ್ ಮಾಡಿ, ‘ಹಾರ ಬ್ಯಾಡ ಬುಡಪ್ಪ’ ಎನ್ನುತ್ತಾರೆ. ಅವರ ದನಿಯಲ್ಲಿ ವ್ಯತ್ಯಾಸವಿಲ್ಲ, ಅದೇ ನನಗೆ ಸರಿಬರಲಿಲ್ಲ. ಗೆಳೆಯ ತನ್ನ ಸಮಕ್ಕೆ ಬಂದು ಕೂರುವುದು ಕೆಲವರಿಗೆ ರುಚಿಸದು. ಅರ್ಜಿ ಹಾಕಿಸಿದ ಕೈಯೇ ಬೀಜವನ್ನೂ ಹಾಕಿರಬಾರದೇಕೆ? ನಿಜ ಹೇಳಬೇಕೆಂದರೆ, ಆ ಸಂಜೆ ನನ್ನ ಅನುಮಾನವೆಲ್ಲ ಅವರೊಬ್ಬರ ಮೇಲೆಯೇ.

ಸೋಮವಾರ ನಸುಕಿಗೇ ಗಾವಡಗೆರೆ. ದೇವರಾಜು ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟವರು ಸ್ಕೂಟರ್ ಕಂಡು ಅಂಗಳದಲ್ಲೇ ನಿಲ್ಲುತ್ತಾರೆ. ನಮ್ಮ ಹಿಂದೆ ಇನ್ಯಾರಾದರೂ ಬರುತ್ತಿದ್ದಾರೆಯೇ ಎಂದು ದಾರಿಯ ಉದ್ದಕ್ಕೂ ನೋಡುತ್ತಾರೆ.

‘ಒಬ್ನೇ ಬಂದ್ಯಾ?’

‘ಒಬ್ನೇ ಬಂದೆ ಕಣ್ಲಾ. ಇವ್ರು ಪೇಪರ್‌ನೋರು, ಲೆಕ್ಕಕ್ಕಿಲ್ಲ.’

ಕ್ಯಾನು ಕೆಳಗಿಳಿಯುತ್ತದೆ. ದೇವರಾಜು ಜಗಲಿಯ ಮೇಲೆ ಕೂರುತ್ತಾರೆ, ಖದೀರ್ ಎದುರಿಗೆ.

‘ಯಾರ್ಲಾ ಆಕಿದ್ದು?’

‘ಗೊತ್ತಿಲ್ಲ.’

‘ಗೊತ್ತಿಲ್ವೋ, ಏಳಾಕಿಲ್ವೋ?’

‘ಗೊತ್ತಿಲ್ಲ ಕಣೋ.’

‘ನೀನೇನಾ?’

ಖದೀರ್ ಸಾಹೇಬರು ಬಾಯಿ ತೆರೆಯುವುದಿಲ್ಲ. ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ. ನೆಲ ನೋಡುವುದೂ ಇಲ್ಲ. ಗೆಳೆಯನ ಮುಖವನ್ನೇ ನೋಡುತ್ತ ಕೂರುತ್ತಾರೆ.

‘ಒಂದೇ ತಟ್ಟೇಲಿ ಉಂಡೋರು ಕಣ್ಲಾ ನಾವು’ ಎನ್ನುತ್ತಾರೆ ದೇವರಾಜು. ‘ಬ್ಯಾಡ ಅನ್ನಂಗಿದ್ರೆ ಮಕದ ಮೇಲೆ ಏಳ್ಬೌದಿತ್ತು. ಪೆಟ್ಗೆ ಒಳಗೆ ಕೈ ಬುಟ್ಟು ಏಳ್ಬೇಕಿತ್ತಾ?’

ಒಳಗಿನಿಂದ ದೇವರಾಜು ಅವರ ಹೆಂಡತಿ ಸುನಂದಮ್ಮ ಬರುತ್ತಾರೆ. ಕೈಯಲ್ಲಿ ಕಾಫಿಯ ಲೋಟ ಒಂದೇ. ಅದನ್ನು ನನ್ನ ಮುಂದಿಟ್ಟು, ‘ನಿಮ್ ಮಗಳ ಮದ್ವೇಲಿ ಸೊಂಟ ಬಿದ್ದೋಗಂಗೆ ಪಾತ್ರೆ ತೊಳ್ದಿವ್ನಿ ಖದೀರಣ್ಣ’ ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ.

ಆ ಲೋಟ ನೋಡುತ್ತ ಕೂತಾಗ ನನಗೆ ಹೊಳೆಯುತ್ತದೆ. ಪೆಟ್ಟಿಗೆ ಎಲ್ಲರ ಮುಂದೆಯೂ ನಿಂತಿತು, ಹೊತ್ತವರ ಮುಂದೆ ನಿಲ್ಲಲಿಲ್ಲ. ಅವರ ಎರಡು ಕೈಯೂ ಪೆಟ್ಟಿಗೆಯ ಹೊರಗೇ ಇದ್ದವು. ಅಧ್ಯಕ್ಷರು ಹಾಕಿದ ಮೇಲೆ ಅದನ್ನು ಯಾರೂ ಕಾರ್ಯದರ್ಶಿಯ ಮುಂದೆ ಹಿಡಿಯಲಿಲ್ಲ, ನೇರವಾಗಿ ಗೂಡು ಎಳೆದರು. ಈ ಮನುಷ್ಯನಿಗೆ ಓಟೇ ಇಲ್ಲ! ಹಾಕಿದ್ದು ಯಾರಾದರೂ ಆಗಿರಬಹುದು, ಇವರೊಬ್ಬರು ಮಾತ್ರ ಆಗಿರಲು ಸಾಧ್ಯವೇ ಇಲ್ಲ.

‘ದೇವರಾಜು ಅವರೇ, ಒಂದ್ನಿಮಿಷ, ಇವರಿಗೆ...’ ಎಂದು ಬಾಯಿ ತೆಗೆಯುತ್ತೇನೆ. ಖದೀರ್ ಸಾಹೇಬರು ನನ್ನ ಮುಂಗೈ ಹಿಡಿದುಕೊಳ್ಳುತ್ತಾರೆ. ಉಳಿ ಹಿಡಿದು ಹಿಡಿದು ಗಟ್ಟಿಯಾದ ಕೈ. ‘ಸ್ಕೂಟರ್ ಹತ್ರ ಎಮ್ಮೆ ನಿಂತಿದೆ, ಸ್ವಲ್ಪ ನೋಡ್ಕೊಳ್ರೀ’ ಎನ್ನುತ್ತಾರೆ. ಅಲ್ಲಿ ಎಮ್ಮೆ ಇಲ್ಲ. ಆದರೂ ಎದ್ದು ಹೋಗುತ್ತೇನೆ. ಆಮೇಲೆ ಜಗಲಿಯ ಮೇಲೆ ಆಡಿದ ಮಾತು ಬೀದಿಗೂ ಕೇಳುತ್ತದೆ. ಎಲ್ಲ ಒಬ್ಬರವೇ. ಕೊನೆಗೆ ದೇವರಾಜು, ‘ಓಗು. ಈ ಕಡೆ ತಲೆ ಆಕ್ಬ್ಯಾಡ’ ಎನ್ನುತ್ತಾರೆ. ಖದೀರ್ ಸಾಹೇಬರು ಎದ್ದು, ಚಪ್ಪಲಿ ಮೆಟ್ಟಿ, ‘ಬತ್ತೀನಿ ಕಣೋ’ ಎಂದು ಇಳಿಯುತ್ತಾರೆ.

ದಾರಿಯಲ್ಲಿ ಒಂದು ಹೊಂಗೆಮರದ ಕೆಳಗೆ ಸ್ಕೂಟರ್ ನಿಲ್ಲಿಸಲು ಹೇಳುತ್ತೇನೆ. ನನಗೆ ಸಿಟ್ಟು ತಡೆಯಲಾಗುತ್ತಿಲ್ಲ. ಒಂದು ಮಾತು, ‘ನನಗೆ ಓಟಿಲ್ಲ’ ಎಂಬ ಒಂದೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ!

ಅವರು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಾರೆ. ‘ನೋಡ್ಬಿಟ್ರಾ? ಕಿಟಕಿ ಹಾಕ್ಸ್ಬೇಕಿತ್ತು’ ಎಂದು ಸ್ವಲ್ಪ ನಗುತ್ತಾರೆ. ಆಮೇಲೆ, ಒಂದು ವಾರದಲ್ಲಿ ಮೊದಲ ಸಲ, ಉದ್ದವಾಗಿ ಮಾತಾಡುತ್ತಾರೆ.

‘ನಾನಲ್ಲ ಅಂದ್ರೆ ಅವ್ನು ಸುಮ್ನಿರ್ತಾನಾ? ಮತ್ಯಾರು ಅಂತ ಹುಡುಕ್ತಾನೆ. ದೊಡ್ಡಬೀರಯ್ಯನ ಹೊಲ ಅವನ ಬದು ಪಕ್ಕಾನೇ. ರೇಣುಕಾಪ್ರಸಾದ್ ಅಂಗ್ಡೀಲೇ ಗೊಬ್ಬರ ತರೋದು. ದಿನ ಬೆಳಗಾದ್ರೆ ಮುಖ ನೋಡೋ ಜನ ಕಣ್ರೀ. ಹಾಕಿದೋನು ಒಬ್ಬ, ಅನುಮಾನ ಎಲ್ರ ಮೇಲೂ. ಊರು ಉಳಿಯಲ್ಲ. ಅದ್ಕೇ ಹಿಂದಿನೋರು ಕಾರ್ಯದರ್ಶಿಗೆ ಓಟು ಇಡ್ಲಿಲ್ಲ. ಇಟ್ಟಿಲ್ಲ ಅಂತ ಹೊರಗೆ ಹೇಳ್ಲೂ ಇಲ್ಲ. ಅನುಮಾನ ಎಲ್ಲಾದ್ರೂ ಕೂರ್ಬೇಕಲ್ಲ, ಬಂದು ನಮ್ಮನೇಲಿ ಕೂತ್ಕೊಳ್ಳಿ.’

‘ದೇವರಾಜು ಹೋದರೂ ಪರವಾಗಿಲ್ಲವಾ?’

ರಸ್ತೆಯಲ್ಲಿ ಮರದ ದಿಮ್ಮಿ ತುಂಬಿದ ಲಾರಿ ಹೋಗುತ್ತದೆ, ಅದರ ಧೂಳು ಅಡಗುವವರೆಗೂ ಕಾಯುತ್ತಾರೆ. ‘ಪರವಾಗಿಲ್ಲ ಅಂದ್ರೆ ಸುಳ್ಳಾಯ್ತದೆ’ ಎನ್ನುತ್ತಾರೆ. ಅವರ ಕಣ್ಣು ಒದ್ದೆಯಾಗಿದೆ. ಇಡೀ ವಾರ ಇವರ ಮೇಲೆ ಕಣ್ಣಿಟ್ಟು ತಿರುಗಿದ ನನಗೆ ನಾಚಿಕೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ಆ ಹುಣಸೆಬೀಜ ಹಾಕಿದವನ ಮೇಲೆ ಕೋಪ ಬರುತ್ತದೆ. ಅವನೀಗ ಎಲ್ಲೋ ಆರಾಮಾಗಿ ತಿಂಡಿ ತಿನ್ನುತ್ತಿರಬೇಕು.

‘ನಾನು ಕೂಟದವನಲ್ಲ, ಆಣೆ ಮಾಡಿಲ್ಲ. ಎಲ್ಲ ಬರೆಯುತ್ತೇನೆ’ ಎನ್ನುತ್ತೇನೆ, ಹೆದರಿಸುವವನ ಹಾಗೆ.

‘ಬರೀರಿ’ ಎನ್ನುತ್ತಾರೆ ಖದೀರ್ ಸಾಹೇಬರು. ‘ಯಾರ್ ನಂಬ್ತಾರೆ? ಖದೀರ ಪೇಪರ್‌ನೋರ್ನ ಹಿಂದೆ ಕೂರಿಸ್ಕೊಂಡು ಊರೂರು ತಿರುಗ್ದ, ತನ್ನ ಪರ ಬರೆಸ್ಕೊಂಡ ಅಂತಾರೆ.’

ಇಲ್ಲ ಎನ್ನಲು ನನ್ನಿಂದ ಆಗುವುದಿಲ್ಲ. ಊರಿನವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

‘ದೇವರಾಜೂ ಹಾಗೇ ಅಂತಾರಾ?’

‘ಅವ್ನೇ ಮೊದ್ಲು ಅನ್ನೋದು’ ಎನ್ನುತ್ತ ಸ್ಕೂಟರಿಗೆ ಕಿಕ್ ಹೊಡೆಯುತ್ತಾರೆ. ಅದು ಹತ್ತಿಕೊಳ್ಳುವುದಿಲ್ಲ, ಇನ್ನೊಮ್ಮೆ ಹೊಡೆಯುತ್ತಾರೆ. ‘ಭಾನುವಾರದ ಪೇಪರ್ ಅವ್ನು ತಪ್ಪಿಸಲ್ಲ. ಓದ್ಲಿ ಬುಡಿ. ಬಯ್ಯೋಕಾದ್ರೂ ಒಂದ್ ಫೋನ್ ಮಾಡ್ತಾನಲ್ಲ.’