ಮೈಲುತುತ್ತದ ಗಂಜಿ ಕುಡಿದ ತೊಟ್ಟಿ

ಗ್ಯಾಸ್ ತೊಟ್ಟಿ ಕೆಟ್ಟದ್ದು ನನ್ನ ಕೈಯಿಂದಲೇ. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಒಂಬತ್ತು ದಿನ ಹಿಡಿಯಿತು.

ಕಾರಮಡೈ ಕಡೆಯ ನಮ್ಮ ಮನೆ ನೇಯುವವರ ಮನೆ. ಹಿತ್ತಿಲಲ್ಲಿ ಎರಡು ಹಸು, ಪಕ್ಕದಲ್ಲೇ ಸಗಣಿ ಗ್ಯಾಸಿನ ತೊಟ್ಟಿ. ಅದರ ಮೇಲೆ ಕಬ್ಬಿಣದ ಮುಚ್ಚಳ ತೇಲುತ್ತದೆ. ಗ್ಯಾಸ್ ತುಂಬಿದರೆ ಏಳುತ್ತದೆ, ಉರಿಸಿದರೆ ಇಳಿಯುತ್ತದೆ. ನೂಲಿಗೆ ಹಚ್ಚಿ ಉಳಿದ ಗಂಜಿಯನ್ನು ತೊಟ್ಟಿಗೆ ಸುರಿಯುವುದು ನನ್ನ ರೂಢಿ. ಗಂಜಿ ಬಿದ್ದರೆ ಒಲೆ ಜೋರು. ಆ ಸಲ ಮೋಡ ಬಿಡಲೇ ಇಲ್ಲ. ನೂಲು ಬೂಷ್ಟು ಹಿಡಿಯದಿರಲೆಂದು ಗಂಜಿಗೆ ಮೈಲುತುತ್ತ ಬೆರೆಸಿದ್ದೆವು. ವಿಷ ಅದು, ತೊಟ್ಟಿಯ ಸಗಣಿಯನ್ನೂ ಹುಳಿಯಲು ಬಿಡದು. ಗೊತ್ತಿದ್ದೂ, ಗಂಜಿ ದಂಡವಾಗುತ್ತದಲ್ಲ ಎಂದು ಇಡೀ ಅಂಡೆ ಸುರಿದೆ.

ಮುಚ್ಚಳ ಕೂತುಬಿಟ್ಟಿತು. ದಿನಕ್ಕೆ ಹತ್ತು ಸಲ ಹೋಗಿ ತಟ್ಟಿ ನೋಡಿದೆ.

"ಅದಕ್ಕೂ ವಯಸ್ಸಾಯ್ತವ್ವ, ಮಣ್ ಹಾಕಿ ಮುಚ್ಚಿ ಇನ್ನೊಂದು ಮಗ್ಗ ಹಾಕ್ತೀನಿ" ಅಂದ ಮಗ.

"ನನಗೂ ವಯಸ್ಸಾಯ್ತು. ನನ್ಮೇಲೂ ಹಾಕ್ಬಿಡು."

ತೊಟ್ಟಿ ಹೋದರೆ ಗಂಜಿ ಕಾಯಿಸಲು ಮತ್ತೆ ಸೌದೆ ಊದಬೇಕು. ನನ್ನ ಒಂದು ಕಣ್ಣು ಹೋದದ್ದು ಆ ಹೊಗೆಗೇ.

ಒಂಬತ್ತನೇ ದಿನ ಟ್ರಾಕ್ಟರಿನಲ್ಲಿ ಮಣ್ಣು ಬಂತು. ಅಡ್ಡ ನಿಂತೆ.

"ನಿಲ್ಸು. ತುತ್ತದ ಗಂಜಿ ಹುಯ್ದವಳು ನಾನು."

ಸೊಸೆ ಸೊಂಟಕ್ಕೆ ಕೈ ಇಟ್ಟಳು. "ನಾನೊಂದು ತಟ್ಟೆ ಒಡೆದ್ರೆ ಬೀದಿಗೆಲ್ಲ ಕೇಳೋ ಹಂಗೆ ಕೂಗ್ತೀರಿ. ಇದನ್ನ ಒಂಬತ್ತು ದಿನ ನುಂಗ್ಕೊಂಡಿದ್ರಾ ಅತ್ತೆ?"

"ನುಂಗ್ದೆ. ಬಕೆಟ್ ತಗೊ."

"ಅಮಾಸೆವರೆಗೂ ಬಿಡ್ತೀನಿ, ಆಮೇಲೆ ಸುಮ್ಮಾ ಪೇಚು ಬೇಡ, ಮಾತಿಲ್ದೆ ಮುಚ್ತೀನಿ" ಅಂದ ಮಗ.

ನಾನೂ ಸೊಸೆಯೂ ಆ ರಾಡಿಯನ್ನೆಲ್ಲ ಮೊಗೆದೆವು. ಹತ್ತಿರದ ತೋಟದವರ ತೊಟ್ಟಿ ಚೆನ್ನಾಗಿ ಉರಿಯುತ್ತಿತ್ತು. ಹಾಲಿಗೆ ಹೆಪ್ಪು ಹಾಕುವಂತೆ ಅವರ ಬಗ್ಗಡ ನಾಲ್ಕು ಕೊಡ ತಂದು ಹುಯ್ದು, ಮೇಲೆ ಹೊಸ ಸಗಣಿ ಕಲಸಿ ಬಿಟ್ಟೆವು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಊಟದ ನಡುವೆ ಎದ್ದು ಹೋಗಿ ಮುಚ್ಚಳಕ್ಕೆ ಗೇಣು ಹಾಕಿ ಅಳೆಯುತ್ತಿದ್ದೆ. ಮೊದಲು ಬಂದ ಗ್ಯಾಸ್ ಬೆಂಕಿಕಡ್ಡಿಯನ್ನೇ ಆರಿಸಿತು. ಅದನ್ನು ಹೊರಗೆ ಬಿಟ್ಟೆ.

ಅಮಾವಾಸ್ಯೆಯ ಬೆಳಿಗ್ಗೆ ಒಲೆ ನೀಲಿಯಾಗಿ ಹತ್ತಿತು. ಕಾಫಿ ಕಾಯಿಸಿ ಮಗನ ಮುಂದೆ ಇಟ್ಟೆ. ಕುಡಿದು ಲೋಟ ಕೆಳಗಿಟ್ಟು ಮಗ್ಗಕ್ಕೆ ಹೋದ.

ಮಣ್ಣಿನ ಗುಡ್ಡೆ ಮಾತ್ರ ತೊಟ್ಟಿಯ ಪಕ್ಕ ಇನ್ನೂ ಇದೆ. ತೆಗೆಸೋ ಅಂದರೆ, "ಇರ್ಲಿ ಅವ್ವ, ನೀನು ಗಂಜಿ ಅಂಡೆ ಎತ್ತೋದು ನಿಲ್ಸೋವರೆಗೂ" ಅನ್ನುತ್ತಾನೆ. ಎದ್ದ ಕೂಡಲೇ ಮುಚ್ಚಳ ನೋಡುತ್ತೇನೆ. ಹಲ್ಲುಜ್ಜುವುದು ಆಮೇಲೆ.