ಚರಂಡಿಯಿಂದ ಎದ್ದುಬಂದ ಸೈಮನ್ ಅಂಕಲ್

ಸೈಮನ್ ಅಂಕಲ್ ಬಿದ್ದ ಚರಂಡಿ ವರ್ಷ ವರ್ಷವೂ ಆಳವಾಗುತ್ತಿತ್ತು. ಕುಡಿದು ಎರ್ನಾಕುಲಂನ ಓಣಿಯೊಂದರಲ್ಲಿ ಬಿದ್ದದ್ದು, ನಾಯಿ ಬಂದು ಮುಖ ನೆಕ್ಕಿದ್ದು, ದೇವದೂತನೆಂದು ಅದಕ್ಕೆ ಕೈ ಮುಗಿದದ್ದು, ಮಾರನೆಯ ದಿನದಿಂದ ಕುಡಿತ ಬಿಟ್ಟದ್ದು. ಪ್ರಾರ್ಥನಾ ಕೂಟಗಳಲ್ಲಿ ಅವರು ಹೇಳುತ್ತಿದ್ದ ಸಾಕ್ಷಿ ಇದು. ಹಳಬರ ಪ್ರಕಾರ ಆ ಚರಂಡಿ ಮೊದಲು ಮೊಣಕಾಲುದ್ದವಿತ್ತು. ನಾನು ಕೇಳುವ ಹೊತ್ತಿಗೆ ಆಳು ಮುಳುಗುವಷ್ಟಾಗಿತ್ತು.

ಅಂಕಲ್ ಉಡುಪಿ ಕಡೆಯವರು, ಫ್ರಿಜ್ ರಿಪೇರಿ ಕೆಲಸಕ್ಕೆ ಬಂದು ಕೊಚ್ಚಿಯಲ್ಲೇ ಉಳಿದಿದ್ದರು. ಅಲ್ಲೇ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಅವರ ಮಹಡಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಕೂಟಗಳಿಂದ ಅವರಿಗೆ ಬರುತ್ತಿದ್ದಷ್ಟು ಕರೆ ಮದುವೆ ಅಡುಗೆಯವರಿಗೂ ಬರುತ್ತಿರಲಿಲ್ಲ. ಕಥೆಗೆ ನಾಯಿ ಬರುತ್ತಿದ್ದಂತೆ ಜನ ಅಳುತ್ತಿದ್ದರು. ಮನೆಯಲ್ಲಿ ಮಾತ್ರ, ಚಹಾ ತಣ್ಣಗಾಯಿತೆಂದು ಪತ್ನಿ ಲಿಡಿಯಾ ಆಂಟಿಯ ಮೇಲೆ ಅವರು ಹಾರಾಡುವುದು ನನ್ನ ಕೋಣೆಯವರೆಗೂ ಕೇಳುತ್ತಿತ್ತು.

ಒಮ್ಮೆ ತಿರುವನಂತಪುರದ ದೊಡ್ಡ ಕೂಟಕ್ಕೆ ನನ್ನನ್ನೂ ಕರೆದೊಯ್ದರು. ಬೆಳಿಗ್ಗೆ ಚಾಲೈ ಪೇಟೆಯಲ್ಲಿ ಆಂಟಿ ಹಲಸಿನ ಚಿಪ್ಸ್ ಆರಿಸಲು ತಡಮಾಡಿದರೆಂದು ನಡುಬೀದಿಯಲ್ಲೇ ಬೈದರು. ಅಂಗಡಿಯವನಿಗೆ ಕನ್ನಡ ಬಾರದಿದ್ದರೂ ಎಲ್ಲ ಅರ್ಥವಾಯಿತು. ಸಂಜೆ ವೇದಿಕೆಯಲ್ಲಿ ಅವರ ಮಲಯಾಳ ಎಂದಿನಂತೆ ಓಡುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಆಂಟಿ, ಮುಖದಲ್ಲಿ ಯಾವ ಭಾವವೂ ಇಲ್ಲದೆ, ಅವರಿಗಿಂತ ಒಂದು ಮಾತು ಮುಂದಾಗಿಯೇ ತುಟಿ ಆಡಿಸುತ್ತಿದ್ದರು. ಅಂಕಲ್ ಅದನ್ನು ಕಂಡರು. ನಾಯಿ ಇನ್ನೂ ಬಂದಿರಲಿಲ್ಲ, ಅಲ್ಲಿಗೇ ನಿಲ್ಲಿಸಿಬಿಟ್ಟರು.

ಕುಡಿತ ಬಿಟ್ಟದ್ದು ಹಳೆಯ ಮಾತು, ಆಮೇಲೆ ನಾನು ಬೇರೇನನ್ನೂ ಬಿಟ್ಟಿಲ್ಲ, ಇವತ್ತು ಕೂಡ ಹೆಂಡತಿಗೆ ಬೀದಿಯಲ್ಲಿ ಬೈದು ಬಂದಿದ್ದೇನೆ, ದೇವರು ಮುಂದೆ ನಡೆ ಎನ್ನುತ್ತಿದ್ದರೂ ಆ ಚರಂಡಿಯ ಅಂಚಿನಲ್ಲೇ ಕೂತಿದ್ದೇನೆ ಎಂದು ಹೇಳಿ ಇಳಿದರು. ವಾದ್ಯದವರಿಗೆ ಯಾವ ಹಾಡು ನುಡಿಸಬೇಕೆಂದೇ ತಿಳಿಯಲಿಲ್ಲ. ಮತ್ತೆ ಯಾವ ಕೂಟಕ್ಕೂ ಯಾರೂ ಅವರನ್ನು ಕರೆಯಲಿಲ್ಲ.

ಅಷ್ಟು ಒಳ್ಳೆಯ ಹೆಸರಿತ್ತಲ್ಲ ಎಂದು ಆ ರಾತ್ರಿ ವಾಪಸು ಬರುವ ರೈಲಿನಲ್ಲಿ ನಾನು ಪೇಚಾಡಿದೆ.

"ಹೆಸರು ಉಂಟು ಮಾರಾಯ. ಕುಡಿಯದೆ ಇದ್ದದ್ದಕ್ಕೆ ಎಷ್ಟು ವರ್ಷ ಚಪ್ಪಾಳೆ ಹೊಡೆಸಿಕೊಳ್ಳುವುದು? ಇನ್ನು ಈ ಬಾಯಿಯನ್ನು ನೋಡಬೇಕು," ಎಂದರು ಅಂಕಲ್.

ಅಂದಿನಿಂದ ಸಿಟ್ಟು ಬಂದಾಗಲೆಲ್ಲ ಅಂಗಳಕ್ಕೆ ಹೋಗಿ ಕರಿಬೇವಿಗೆ ನೀರು ಹಾಕತೊಡಗಿದರು. ಗಿಡ ಬೇರು ಕೊಳೆತು ಸತ್ತಿತು. ಆಂಟಿ ಇನ್ನೊಂದನ್ನು ನೆಟ್ಟರು.

ನನಗೆ ತಿರುವನಂತಪುರಕ್ಕೆ ವರ್ಗವಾದಾಗ ಊಟಕ್ಕೆ ಕರೆದರು. ಮೀನುಸಾರಿನಲ್ಲಿ ಉಪ್ಪೇ ಇರಲಿಲ್ಲ. ಅಂಕಲ್ ಮುಖ ಕೆಂಪಾಯಿತು. ನೀರು ಕುಡಿದರು, ಮತ್ತೆ ಉಂಡರು. ಹೇಗುಂಟು ಎಂದು ಆಂಟಿ ಕೇಳಿದರೆ, ಮೀನು ತಾಜಾ ಉಂಟು ಎಂದರು.

"ಬೇಕಂತಲೇ ಉಪ್ಪು ಹಾಕಲಿಲ್ಲ ನಾನು. ನೋಡುವಾ ಅಂತ."

ಅಂಕಲ್ ಬಾಯಿ ತೆರೆದರು. ಬಂದದ್ದು ನಗು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಅವರು ತೀರಿಕೊಂಡ ಸುದ್ದಿ ತಿಳಿದು ಹೋದಾಗ ಆಂಟಿಯನ್ನು ಕೇಳಿದೆ, ಅಂಕಲ್ ಕೊನೆಗೂ ಬೈಯುವುದನ್ನು ಬಿಟ್ಟರೇ ಎಂದು.

"ಇಲ್ಲಪ್ಪ, ಸತ್ತವರ ಮೇಲೆ ಸುಳ್ಳು ಯಾಕೆ? ಬೈಯುತ್ತಿದ್ದರು. ಆದರೆ ಬೈದ ಮೇಲೆ ಮಾತಾಡಿಸಲಿಕ್ಕೆ ಮೊದಲು ಬರುತ್ತಿದ್ದದ್ದು ಅವರೇ. ಮುಂಚೆ ಅಷ್ಟು ವರ್ಷವೂ ನಾನೇ ಹೋಗಬೇಕಿತ್ತು."