‘ಎಲ್ಲಾ ಸರಿ’ಗೆ ಸಹಿ ಹಾಕದ ದೊಡ್ಡಕ್ಕ

ಯುದ್ಧಭೂಮಿಯಿಂದ ಮರಳಿದ ಸೈನಿಕರಿಗೆ ಕುದುರೆಗಳ ಒಡನಾಟದಿಂದ ಚಿಕಿತ್ಸೆ ಕೊಡುವ ಕೆಲಸ ಇಂದು ಹತ್ತಾರು ಕಡೆ ನಡೆಯುತ್ತಿದೆ. ಅದಕ್ಕೆ ಪುಸ್ತಕಗಳಿವೆ, ತರಬೇತಿಗಳಿವೆ, ಗೋಡೆಗೆ ತೂಗುಹಾಕುವ ಪ್ರಮಾಣಪತ್ರಗಳೂ ಇವೆ. ಇದಾವುದೂ ಇಲ್ಲದ ಕಾಲದಲ್ಲಿ, ಸೇನೆಯಿಂದ ನಿವೃತ್ತಿಯಾದ ನಾಲ್ಕು ಕುದುರೆ, ಸೋರುವ ಒಂದು ಲಾಯ ಮತ್ತು ಬೇರೆ ಯಾರೂ ಒಪ್ಪದ ಒಂದು ವರ್ಗಾವಣೆ ಆದೇಶವನ್ನು ಇಟ್ಟುಕೊಂಡು ಈ ಕೆಲಸವನ್ನು ಕಟ್ಟಿ ನಿಲ್ಲಿಸಿದವರು ನಮ್ಮ ದೊಡ್ಡಕ್ಕ. ಇಪ್ಪತ್ತಾರು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ಅವರು ನಿವೃತ್ತರಾಗುತ್ತಿದ್ದಾರೆ. ಅವರ ವಿದ್ವತ್ತನ್ನು ಕುರಿತು ವೈದ್ಯರೂ ಅಧಿಕಾರಿಗಳೂ ಈ ಅಭಿನಂದನಾ ಸಂಪುಟದಲ್ಲಿ ಬರೆದಿದ್ದಾರೆ. ಮೇವಿನ ಕೋಣೆಯನ್ನು ನೋಡಿಕೊಳ್ಳುವ ನನಗೆ ಆ ಭಾಷೆ ಬಾರದು. ಹುಲ್ಲು ತೂಗುವ ಜಾಗದಿಂದ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಮೊದಲು ಒಂದು ಮಾತು. ದೊಡ್ಡಕ್ಕನಿಗೆ ಕುದುರೆಗಳೆಂದರೆ ಭಯ. ಸೇನಾ ಆಸ್ಪತ್ರೆಯಲ್ಲಿ ಮುರಿದ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುತ್ತಿದ್ದ ಅವರು ಇಲ್ಲಿಗೆ ಬಂದ ಮೊದಲ ವಾರವೇ ಒಂದು ಕುದುರೆ ಅವರ ಭುಜ ಕಚ್ಚಿತು. ಮರುದಿನ ಲಾಯದ ಬಾಗಿಲಲ್ಲಿ ನಿಂತವರು ಚಿಲಕಕ್ಕೆ ಕೈ ಹಾಕಲಾರದೆ ಹೋದರು. ಊರುಗೋಲಿನ ಮೇಲೆ ನಿಂತಿದ್ದ ಸಿಪಾಯಿಯೊಬ್ಬ ಕೇಳಿದನಂತೆ: “ಏನ್ ಮೇಡಮ್, ಹೆದರಿಕೆನಾ?”

“ಹೌದು ಕಣಪ್ಪಾ. ಎರಡೂ ಕಾಲು ನಡುಗ್ತಿದೆ.”

“ನೀವೇ ಪುಣ್ಯವಂತರು ಬಿಡಿ. ನನಗೆ ನಡುಗೋಕೆ ಒಂದೇ ಇದೆ.”

ಒಂದು ವರ್ಷದಿಂದ ಬಾಯಿ ಬಿಡದಿದ್ದ ಮನುಷ್ಯ ಹಾಗೆ ಹೇಳಿ ನಕ್ಕನಂತೆ. ಇಬ್ಬರೂ ಒಟ್ಟಿಗೆ ಒಳಗೆ ಹೋದರಂತೆ. ಅಂದಿನಿಂದ ಇಲ್ಲೊಂದು ಕಟ್ಟಳೆ: ಚಿಲಕ ತೆಗೆಯುವ ಮೊದಲು, ಇವತ್ತು ಹೇಗಿದ್ದೇನೆ ಎಂಬುದನ್ನು ಕುದುರೆಯ ಎದುರು ಬಾಯಿಬಿಟ್ಟು ಹೇಳಬೇಕು. ಮುಖದಲ್ಲಿ ಧೈರ್ಯ, ಎದೆಯಲ್ಲಿ ನಡುಕ ಇಟ್ಟುಕೊಂಡು ಬಂದವರನ್ನು ಕುದುರೆ ನಂಬುವುದಿಲ್ಲ. ಹೆದರಿದ್ದೇನೆ ಎಂದು ಒಪ್ಪಿಕೊಂಡವರ ಉಸಿರು ತಾನಾಗಿಯೇ ನಿಧಾನವಾಗುತ್ತದೆ, ಆಗ ಕುದುರೆ ಅವರಿಗಾಗಿ ಕಾದು ನಿಲ್ಲುತ್ತದೆ. ಕೇಳಲು ಸುಲಭ. ಆದರೆ ಸೈನಿಕನಿಗೆ ಸೇನೆ ಸೇರಿದ ದಿನದಿಂದ ಕಲಿಸಿರುವುದು ಒಂದೇ ಉತ್ತರ. ತಲೆ ಒಡೆದಿದ್ದರೂ ಎದೆ ಸೆಟೆಸಿ, “ಎಲ್ಲಾ ಸರಿ ಇದೆ ಸಾಹೇಬ್ರೆ!”

ನಮ್ಮ ಯಜಮಾನರು ಏಳು ವರ್ಷದ ಹಿಂದೆ ಇಲ್ಲಿಗೆ ಬಂದಾಗ ಹೇಳುತ್ತಿದ್ದದ್ದೂ ಅದನ್ನೇ. ಅವರು ಸೇನೆಯ ಟ್ರಕ್ ಚಾಲಕರು. ಮುಂದೆ ಹೋಗುತ್ತಿದ್ದ ಟ್ರಕ್ಕು ಸಿಡಿದದ್ದನ್ನು ಕಣ್ಣಾರೆ ಕಂಡು ಮನೆಗೆ ಬಂದವರು. ಒಂದು ಮಧ್ಯಾಹ್ನ ನಮ್ಮ ಬೀದಿಯಲ್ಲಿ ಲಾರಿಯ ಟೈರು ಸಿಡಿಯಿತು. ಆಡುತ್ತಿದ್ದ ಒಂಬತ್ತು ವರ್ಷದ ಮಗಳನ್ನು ಸೆಳೆದು ಮಂಚದ ಕೆಳಗೆ ಅವಚಿಕೊಂಡರು. ಅವಳನ್ನು ಉಳಿಸಲೆಂದೇ ಹಿಡಿದದ್ದು. ಅವಳು ಕೂಗಿದಷ್ಟೂ ಹಿಡಿತ ಬಿಗಿಯಾಯಿತು. ಮಗುವಿನ ಮಣಿಕಟ್ಟು ಮುರಿಯಿತು. ಮರುದಿನವೇ ಅವರು ಚೀಲ ಕಟ್ಟಿ ಮನೆ ಬಿಟ್ಟು ಇಲ್ಲಿಗೆ ಬಂದರು. ಆಮೇಲೆ ಯಾರನ್ನೂ ಮುಟ್ಟಲಿಲ್ಲ. ಲೋಟವನ್ನು ಕೂಡ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ, ಮೇಜಿನ ಮೇಲಿಟ್ಟು ಸರಿಯುತ್ತಿದ್ದರು.

ಅವರ ಪಾಲಿಗೆ ಬಂದದ್ದು ಒಂದು ಬಿಳಿ ಹೆಣ್ಣುಕುದುರೆ. ಯಾರು ಬಂದರೂ ಮುಖ ತಿರುಗಿಸುತ್ತಿದ್ದುದರಿಂದ ಎಲ್ಲರೂ ಅದನ್ನು ಅತ್ತೆಮ್ಮ ಎನ್ನುತ್ತಿದ್ದರು. ದಿನವೂ ಇವರು ಬಾಗಿಲಲ್ಲಿ ನಿಂತು “ಎಲ್ಲಾ ಸರಿ ಇದೆ” ಎನ್ನುವುದು, ಅತ್ತೆಮ್ಮ ಬೆನ್ನು ತೋರಿಸುವುದು, ದೊಡ್ಡಕ್ಕ “ಹಾಗಾದ್ರೆ ನಾಳೆ ಬನ್ನಿ ಡ್ರೈವರ್ ಸಾಹೇಬ್ರೆ” ಎನ್ನುವುದು. ಹೀಗೆಯೇ ಆರು ತಿಂಗಳ ಚಿಕಿತ್ಸೆಯ ಅವಧಿ ಮುಗಿಯುತ್ತ ಬಂತು. ವೈದ್ಯಕೀಯ ಮಂಡಳಿಯ ಫಾರಮ್ ಬಂತು. ‘ಮನೆಗೆ ಕಳಿಸಬಹುದು’ ಎಂದು ದೊಡ್ಡಕ್ಕನ ಸಹಿಯಾದರೆ ಮನೆಗೆ. ಇಲ್ಲವಾದರೆ ಎರಡು ದಿನದ ಪ್ರಯಾಣದಾಚೆಯ ಆಸ್ಪತ್ರೆಯ ಬೀಗ ಹಾಕಿದ ವಾರ್ಡಿಗೆ. ಅಲ್ಲಿಂದ ಹಿಂದಿರುಗಿದವರು ಕಡಿಮೆ. ನಾನು ಓಡಿ ಬಂದೆ.

“ಸಹಿ ಹಾಕಿಬಿಡಿ ಮೇಡಮ್. ಮಿಕ್ಕಿದ್ದು ನಾನು ನೋಡ್ಕೋತೀನಿ.”

“ಏನು ನೋಡ್ಕೋತೀಯಮ್ಮಾ?”

“ಅವರನ್ನ. ಹೆಂಡ್ತಿ ಅಲ್ವಾ ನಾನು?”

“ಹೆಂಡ್ತಿ ಸರಿ. ಅವರಿಗೂ ಮಗಳಿಗೂ ಮಧ್ಯೆ ಎಷ್ಟು ದಿನ ಕಾವಲು ಕೂರ್ತೀಯ? ನಾನು ಸಹಿ ಹಾಕಲ್ಲ.”

“ನಿಮಗೂ ಸಂಸಾರ ಅಂತ ಒಂದಿದ್ದಿದ್ರೆ ಗೊತ್ತಾಗ್ತಿತ್ತು!”

ಒಂಟಿಯಾಗಿ ಬದುಕಿದ ಹೆಂಗಸಿಗೆ ಆಡಬಾರದ ಮಾತನ್ನು ಆಡಿಬಿಟ್ಟೆ. ಅವರು ಅದನ್ನು ಹೊಟ್ಟೆಗೆ ಹಾಕಿಕೊಂಡರು. ಮೂಲೆಯಲ್ಲಿದ್ದ ರಬ್ಬರ್ ಬೂಟುಗಳನ್ನು ನನ್ನ ಮುಂದೆ ಇಟ್ಟು, “ಹಾಕ್ಕೊಂಡು ಬಾ. ನೀನೂ ಒಂದ್ಸಲ ಅತ್ತೆಮ್ಮನ ಮುಂದೆ ನಿಲ್ಲು” ಎಂದರು.

ನಿಂತೆ. ಆರಾಮಾಗಿದ್ದೇನೆ ಎಂದೆ. ಅತ್ತೆಮ್ಮ ನಿಧಾನವಾಗಿ ತಿರುಗಿ ನನಗೂ ಬೆನ್ನು ತೋರಿಸಿದಳು. ಸಿಟ್ಟಿಗೋ ಅವಮಾನಕ್ಕೋ ನನ್ನ ಬಾಯಿಂದ ನಿಜ ಹೊರಬಿತ್ತು: “ಅವರು ಮನೆಗೆ ಬಂದ್ರೆ ನನಗೆ ಭಯ. ಬರ್ದೇ ಹೋದ್ರೂ ಭಯ. ನನಗೆ ಸಾಕಾಗಿದೆ.”

ಪಕ್ಕದ ತೊಟ್ಟಿಗೆ ನೀರು ತುಂಬುತ್ತಿದ್ದ ನಮ್ಮವರು ಬಕೆಟ್ ಕೆಳಗಿಟ್ಟರು. “ನನಗೂ” ಎಂದರು. ಅಷ್ಟೇ. ಕುದುರೆಯೇನೂ ಓಡಿಬಂದು ನಮ್ಮ ಹೆಗಲ ಮೇಲೆ ತಲೆಯಿಡಲಿಲ್ಲ; ಒಂದು ಕಿವಿ ಈ ಕಡೆ ತಿರುಗಿಸಿ ಹುಲ್ಲು ಮೇಯುತ್ತಿತ್ತು. ದೊಡ್ಡಕ್ಕ ಮಾತ್ರ ಗೆದ್ದವರಂತೆ ನಿಂತಿದ್ದರು.

ಅಧಿಕಾರಿಯ ಮುಂದೆ, ಕುದುರೆಯ ಹಿಂದೆ ನಿಲ್ಲಬಾರದು ಎನ್ನುತ್ತಾರೆ. ದೊಡ್ಡಕ್ಕ ಆ ಮಾತಿನಲ್ಲಿ ಅರ್ಧವನ್ನಷ್ಟೇ ಪಾಲಿಸಿದವರು. ಲದ್ದಿ ಮೆತ್ತಿದ ಬೂಟಿನಲ್ಲೇ ಹೋಗಿ ಮಂಡಳಿಯ ಕರ್ನಲ್ ಸಾಹೇಬರ ಕೋಣೆಯ ಹೊರಗೆ ಎರಡು ದಿನ ಕೂತರು. ಜವಾನ ಎಬ್ಬಿಸಿದರೆ ಆಚೆ ಬೆಂಚಿಗೆ ಹೋಗಿ ಕೂತರು. ಕೊನೆಗೆ ಸಾಹೇಬರು ಒಳಗೆ ಕರೆದು, “ಕುದುರೆ ಹತ್ರ ಮಾತಾಡಿದ್ರೆ ಕಾಯಿಲೆ ಹೋಗುತ್ತೇನ್ರೀ?” ಎಂದರಂತೆ.

“ಹೋಗಲ್ಲ ಸಾಹೇಬ್ರೆ. ಕಾಯಿಲೆ ಇದೆ ಅಂತ ಹೇಳೋಕೆ ಬಾಯಿ ಬರುತ್ತೆ. ಇವರಿಗೆ ಮೊನ್ನೆ ಬಂದಿದೆ. ಮೂರು ತಿಂಗಳು ಕೊಡಿ.”

“ಕೊಡದಿದ್ರೆ?”

“ನಾಳೆಯೂ ಬರ್ತೀನಿ.”

ಮೂರು ತಿಂಗಳು ಸಿಕ್ಕಿತು. ನಾನು ಮೇವಿನ ಕೋಣೆಯ ಕೆಲಸಕ್ಕೆ ಸೇರಿದ್ದು ಆಗಲೇ. ಮಗಳು ಶಾಲೆಗೆ ಹೋದ ಹೊತ್ತಿನಲ್ಲಿ ನೀನು ಮನೆಯಲ್ಲಿ ಕೂತು ಗೋಡೆ ನೋಡುವುದು ಬೇಡ ಎಂದು ಅವರೇ ಸೇರಿಸಿಕೊಂಡರು. ನಮ್ಮವರಿಗೆ ಸವಾರಿ ಕಲಿಸಲಿಲ್ಲ. ಮೈ ತಿಕ್ಕುವುದು, ಗೊರಸು ಕೆರೆಯುವುದು, ಹಗ್ಗ ಹಿಡಿದು ನಡೆಸುವುದು, ಅಷ್ಟೇ. ಅವರು ಹಗ್ಗವನ್ನು ಬಿಗಿ ಹಿಡಿದಾಗಲೆಲ್ಲ ಬೇಲಿಯಾಚೆಯಿಂದ ದೊಡ್ಡಕ್ಕ ಕೂಗುತ್ತಿದ್ದರು: “ಹೆದರಿದಾಗ ಹಗ್ಗ ಬಿಡಿ, ಎಳೀಬೇಡಿ! ಐದು ನೂರು ಕಿಲೋ ಅದು, ನಿಮ್ಮ ಮಾತು ಕೇಳೋಕೆ ಹುಟ್ಟಿಲ್ಲ!”

ಹನ್ನೊಂದನೆಯ ವಾರ, ಬೇಲಿಯಾಚೆಯ ರಸ್ತೆಯಲ್ಲಿ ಯಾವುದೋ ಗಾಡಿ ಢಮ್ಮೆಂದಿತು. ಅತ್ತೆಮ್ಮ ಮುಂಗಾಲೆತ್ತಿ ನಿಂತಳು. ನನ್ನ ಕೈಯಲ್ಲಿದ್ದ ತಕ್ಕಡಿ ಬಿತ್ತು. ನಮ್ಮವರ ಮುಖ ಸುಣ್ಣದಂತಾಗಿತ್ತು. ಆದರೆ ಬೆರಳುಗಳು ತೆರೆದುಕೊಂಡಿದ್ದವು. ಹಗ್ಗ ಅಂಗೈಯಿಂದ ಒಂದು ಮಾರು ಜಾರಿಹೋಯಿತು. “ಹೆದರಿದೆ ಕಣೇ, ನಾನೂ ಹೆದರಿದೆ” ಎನ್ನುತ್ತ ನಿಂತರು. ಅವಳು ಎರಡು ಸುತ್ತು ಸುತ್ತಿ, ನಿಂತು, ಜೋರಾಗಿ ಉಸಿರು ಬಿಟ್ಟಳು. ದೊಡ್ಡಕ್ಕ ಹೊಗಳಲಿಲ್ಲ. ಅಂದು ಸಂಜೆ ಫಾರಮ್ಮಿಗೆ ಸಹಿ ಹಾಕಿ ನನ್ನ ಕೈಗೇ ಕೊಟ್ಟರು.

ಕರೆದೊಯ್ಯಲು ಮಗಳೊಂದಿಗೆ ಗೇಟಿನ ಬಳಿ ನಿಂತಿದ್ದೆ. ಅವಳ ಮಣಿಕಟ್ಟು ಕೂಡಿಕೊಂಡಿತ್ತು, ಸ್ವಲ್ಪ ಸೊಟ್ಟಗೆ. ನಮ್ಮವರು ಎರಡು ಮಾರು ದೂರದಲ್ಲೇ ನಿಂತರು. ಮಗಳು ಅದೇ ಕೈಯನ್ನು ಮುಂದೆ ಚಾಚಿ, “ಹಿಡ್ಕೋ ಅಪ್ಪಾ. ನೋವಾದ್ರೆ ಹೇಳ್ತೀನಿ, ಬಿಟ್ಬಿಡು” ಎಂದಳು. ಬಸ್ ನಿಲ್ದಾಣದವರೆಗೂ ಅವರು ಹಿಡಿದುಕೊಂಡೇ ನಡೆದರು. ಅವಳು ಹೇಳಬೇಕಾಗಿ ಬರಲಿಲ್ಲ.

ಅವರಿಗೆ ಪೂರ್ತಿ ಗುಣವಾಗಿದೆ ಎಂದು ಬರೆದರೆ ದೊಡ್ಡಕ್ಕನೇ ಈ ಲೇಖನವನ್ನು ಹಿಂದಿರುಗಿಸುತ್ತಾರೆ. ಕೆಟ್ಟ ದಿನಗಳು ಈಗಲೂ ಬರುತ್ತವೆ. ಆದರೆ ಅವು ನಮ್ಮ ಮನೆಯಲ್ಲೇ ಬಂದು, ನಮ್ಮ ಮನೆಯಲ್ಲೇ ಕಳೆಯುತ್ತವೆ.

ದೊಡ್ಡಕ್ಕನಿಗೆ ದೀರ್ಘಾಯುಸ್ಸು, ಗಟ್ಟಿ ಮಂಡಿ, ಒಳ್ಳೆಯ ನಿದ್ದೆ ದೊರೆಯಲಿ ಎಂದು ಹಾರೈಸುತ್ತೇನೆ. ವಾರಕ್ಕೆರಡು ದಿನ ಬರುತ್ತೇನೆಂದು ಮಾತು ಕೊಟ್ಟಿದ್ದಾರೆ, ಬರಲೇಬೇಕು. ಹನ್ನೊಂದು ಮಂದಿ ಸೈನಿಕರು ಸರದಿಯಲ್ಲಿದ್ದಾರೆ. ಅವರ ಹೆಂಡಂದಿರೂ ತಾಯಂದಿರೂ ನನ್ನ ಹಾಗೆಯೇ ಓಡಿಬಂದು ಅಂಗಲಾಚುತ್ತಾರೆ, ಬಾಯಿಗೆ ಬಂದಂತೆ ಅನ್ನುತ್ತಾರೆ. ಅವರೆದುರು ಕುರ್ಚಿ ಎಳೆದು ಕೂತು, ಪೆನ್ನಿನ ಮುಚ್ಚಳ ತೆಗೆಯದೆ, “ಇಲ್ಲಮ್ಮಾ, ಇನ್ನೂ ಆಗಲ್ಲ” ಎನ್ನುವ ಆ ಧ್ವನಿ ಬಹುಕಾಲ ನಮ್ಮ ಲಾಯದಲ್ಲಿ ಕೇಳಿಸುತ್ತಿರಲಿ.